ಸಿಪಾಯಿಗಳ ಕಾಗದ ಬರೆದ ಕವಿ ವಾಲ್ಟ್ ವಿಟ್ಮನ್

ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಒಡವೆಯಿಲ್ಲ, ಜಮೀನಿನ ಪತ್ರಗಳಿಲ್ಲ. ಇರುವುದು ಹನ್ನೊಂದು ಕಾಗದಗಳು. ನನ್ನ ಅಜ್ಜಿಯ ಅಣ್ಣನು ಸೈನ್ಯದಲ್ಲಿ ಅಡಿಗೆಯವನಾಗಿ ಸೇರಿ, ಉತ್ತರ ದೇಶದಲ್ಲಿ ಎಲ್ಲೆಲ್ಲಿಯೋ ಇದ್ದು, ಅಲ್ಲಿಂದ ತಾಯಿಗೆ ಬರೆಯಿಸಿ ಕಳುಹಿಸಿದವು. ಬರೆಯಿಸಿ ಎಂದೇ ಹೇಳಬೇಕು, ಆತನಿಗೆ ಅಕ್ಷರ ಬರುತ್ತಿರಲಿಲ್ಲ. ಹತ್ತು ಕಾಗದಗಳಲ್ಲಿ ಐದು ಬಗೆಯ ಕೈಬರಹಗಳಿವೆ. ಅಲ್ಲಿ ಕನ್ನಡ ಬಲ್ಲವರು ಯಾರು ಸಿಕ್ಕಿದರೋ ಅವರ ಮುಂದೆ ಕುಳಿತು ಹೇಳಿ ಬರೆಯಿಸಿದನೆಂದು ತೋರುತ್ತದೆ. ಹನ್ನೊಂದನೆಯದು ಆತನದಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ಜ್ವರದಿಂದ ಆತನು ತೀರಿಕೊಂಡ ಮೇಲೆ, ಬಳಿಯಲ್ಲಿದ್ದ ಯಾರೋ ಪುಣ್ಯಾತ್ಮರು ಬರೆದದ್ದು.

ಐದನೆಯ ತರಗತಿಯಲ್ಲಿದ್ದಾಗಿನಿಂದ ಈ ಕಾಗದಗಳನ್ನು ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಸರಾಗವಾಗಿ ಓದಬಲ್ಲವನು ಆಗ ನಾನೊಬ್ಬನೇ ಆಗಿದ್ದೆ. ಅಜ್ಜಿಗೆ ಅವು ಬಾಯಿಪಾಠವಾಗಿವೆ; ಆದರೂ ವರ್ಷಕ್ಕೆ ಎರಡು ಮೂರು ಬಾರಿ ಪೆಟ್ಟಿಗೆ ತೆಗೆಯಿಸುತ್ತಾಳೆ. ಒಂದು ಮಾತನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಕೊನೆಯ ಕಾಗದದಲ್ಲಿ ಒಂದು ಸಾಲನ್ನು ನಾನು ಓದುವುದಿಲ್ಲ, ದಾಟಿಬಿಡುತ್ತೇನೆ. ಆ ಸಾಲಿನ ವಿಚಾರ ಕಡೆಯಲ್ಲಿ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಇಂಗ್ಲಿಷ್ ತರಗತಿಯಲ್ಲಿ ಅಬ್ರಹಾಂ ಲಿಂಕನ್ನನ ಮರಣವನ್ನು ಕುರಿತ ಒಂದು ಪದ್ಯದ ಪಾಠ ನಡೆಯುತ್ತಿತ್ತು. ಅದನ್ನು ಬರೆದ ವಾಲ್ಟ್ ವಿಟ್ಮನ್ನನು ಯುದ್ಧಕಾಲದಲ್ಲಿ ಆಸ್ಪತ್ರೆಗಳಿಗೆ ಹೋಗಿ, ಗಾಯಗೊಂಡ ಸಿಪಾಯಿಗಳಿಗೆ ಮನೆಗೆ ಕಾಗದ ಬರೆದುಕೊಡುತ್ತಿದ್ದನೆಂದು ನಮ್ಮ ಅಧ್ಯಾಪಕರು ಮಾತಿನ ನಡುವೆ ಒಂದು ವಾಕ್ಯ ಹೇಳಿ ಮುಂದೆ ಹೋದರು. ಉಳಿದ ಪಾಠ ಆ ದಿನ ನನ್ನ ಕಿವಿಗೆ ಬೀಳಲಿಲ್ಲ. ಅಂದಿನಿಂದ ಗ್ರಂಥಾಲಯದಲ್ಲಿ ಹುಡುಕಿ ಹುಡುಕಿ ಓದಿದ್ದರ ಫಲ ಈ ಲೇಖನ. ವಾಚಕರು ಇದರಲ್ಲಿ ಕಾವ್ಯವಿಮರ್ಶೆಯನ್ನು ನಿರೀಕ್ಷಿಸಬಾರದು. ಆತನ ಕವಿತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನಗೆ ಅರ್ಥವಾಗಿಲ್ಲ.

ವಿಟ್ಮನ್ನನು ಹುಟ್ಟಿದ್ದು 1819ನೆಯ ಇಸವಿ ಮೇ 31ರಂದು, ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡಿನಲ್ಲಿರುವ ವೆಸ್ಟ್ ಹಿಲ್ಸ್ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ, ಮನೆ ಕಟ್ಟಿ ಮಾರುವ ಕಸುಬು, ಕೈ ಹತ್ತಿದ್ದು ಕಡಿಮೆ. ತಾಯಿ ಲೂಯಿಸಾಳಿಗೆ ಒಂಬತ್ತು ಮಕ್ಕಳು; ಅವರಲ್ಲಿ ಇವನು ಎರಡನೆಯವನು. ತಂದೆಗೆ ದೇಶದ ಮೇಲೆ ಎಷ್ಟು ಅಭಿಮಾನವೆಂದರೆ ಮೂವರು ಗಂಡುಮಕ್ಕಳಿಗೆ ಜಾರ್ಜ್ ವಾಷಿಂಗ್ಟನ್, ಥಾಮಸ್ ಜೆಫರ್ಸನ್, ಆಂಡ್ರೂ ಜಾಕ್ಸನ್ ಎಂದು ರಾಷ್ಟ್ರಾಧ್ಯಕ್ಷರ ಹೆಸರುಗಳನ್ನೇ ಇಟ್ಟನು. ನಮ್ಮ ಊರಿನಲ್ಲಿಯೂ ಒಬ್ಬ ನೆಹರು, ಇಬ್ಬರು ಸುಭಾಷರು ಇದ್ದಾರೆ. ಹೆಸರಿನಿಂದ ಹೊಟ್ಟೆ ತುಂಬದು. ವಿಟ್ಮನ್ನನು ಹನ್ನೊಂದನೆಯ ವಯಸ್ಸಿಗೇ ಶಾಲೆ ಬಿಟ್ಟು ವಕೀಲರ ಕಚೇರಿಯಲ್ಲಿ ಆಳಾಗಿ ಸೇರಿದನು; ಅನಂತರ ಅಚ್ಚುಕೂಟಕ್ಕೆ ಹೋಗಿ ಮೊಳೆ ಜೋಡಿಸುವುದನ್ನು ಕಲಿತನು. ಹಳ್ಳಿಯ ಶಾಲೆಗಳಲ್ಲಿ ಮೇಷ್ಟರಾದನು, ಪತ್ರಿಕೆ ನಡೆಸಿದನು, ಬ್ರೂಕ್ಲಿನ್ ನಗರದ ದಿನಪತ್ರಿಕೆಯೊಂದಕ್ಕೆ ಸಂಪಾದಕನಾಗಿ 1848ರಲ್ಲಿ ಅದನ್ನು ಬಿಟ್ಟನು.

1855ರಲ್ಲಿ ಲೀವ್ಸ್ ಆಫ್ ಗ್ರಾಸ್ ಎಂಬ ಅವನ ಕವನಸಂಗ್ರಹ ಹೊರಬಂದಿತು. ಹನ್ನೆರಡೇ ಕವಿತೆಗಳು. ಮೊಳೆಗಳಲ್ಲಿ ಕೆಲವನ್ನು ತಾನೇ ಕೈಯಾರೆ ಜೋಡಿಸಿದನು. ಮುಖಪುಟದಲ್ಲಿ ಕವಿಯ ಹೆಸರಿಲ್ಲ. ಬದಲಿಗೆ ಟೊಪ್ಪಿಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತ ಕೂಲಿಯವನಂತಹ ಒಂದು ಚಿತ್ರ. ಪುಸ್ತಕ ಬಂದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡನು. ಅದೇ ತಿಂಗಳು ಎಮರ್ಸನ್ನನು, ಆ ಕಾಲಕ್ಕೆ ಅಮೆರಿಕದ ದೊಡ್ಡ ವಿದ್ವಾಂಸನು, ಈ ಅಪರಿಚಿತನನ್ನು ಮನಸಾರೆ ಹೊಗಳಿ ಒಂದು ಖಾಸಗಿ ಕಾಗದ ಬರೆದನು. ವಿಟ್ಮನ್ನನು ಅಪ್ಪಣೆ ಕೇಳದೆ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಮರುವರ್ಷದ ಮುದ್ರಣದಲ್ಲಿ ಅದರ ಒಂದು ವಾಕ್ಯವನ್ನು ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಒತ್ತಿಸಿದನು. ಇದು ಸಭ್ಯತೆಯಲ್ಲ. ಒಬ್ಬರು ನಂಬಿ ಬರೆದ ಕಾಗದವನ್ನು ಬೀದಿಗೆ ತರುವುದು ಯಾವ ದೇಶದಲ್ಲಿಯೂ ಒಳ್ಳೆಯ ನಡತೆ ಎನಿಸದು. ಏಳು ವರ್ಷಗಳ ಮೇಲೆ ನೂರಾರು ಜನರ ಮನೆಯ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡವನೂ ಇವನೇ ಎಂಬುದನ್ನು ನೆನೆದರೆ ಮನುಷ್ಯ ಒಂದೇ ಅಚ್ಚಿನಲ್ಲಿ ಉಳಿಯುವುದಿಲ್ಲವೆಂದು ತೋರುತ್ತದೆ.

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಮೂವತ್ತೈದು ಲಕ್ಷದಷ್ಟು ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಪ್ರಾಂತಗಳು ಒಕ್ಕೂಟವನ್ನು ಬಿಟ್ಟು ಹೊರಟವು, ಉತ್ತರದವು ಬಿಡೆವೆಂದವು. ಈ ಇತಿಹಾಸ ನಮ್ಮ ಪಠ್ಯಗಳಲ್ಲಿಯೇ ಇರುವುದರಿಂದ ಬೆಳೆಸುವುದಿಲ್ಲ. ವಿಟ್ಮನ್ನನ ತಮ್ಮ ಜಾರ್ಜ್, ಮೂವತ್ತು ದಾಟಿದ ಬಡಗಿ, ಉತ್ತರದ ಸೈನ್ಯಕ್ಕೆ ಸೇರಿ ನ್ಯೂಯಾರ್ಕಿನ 51ನೆಯ ಸ್ವಯಂಸೇವಕ ದಳದಲ್ಲಿ ಹೋರಾಡಿದನು.

ಜಾರ್ಜ್ ತಾಯಿಗೆ ಬರೆದ ಕಾಗದಗಳು ಉಳಿದಿವೆ. 1975ರಲ್ಲಿ ಪುಸ್ತಕವಾಗಿಯೂ ಬಂದಿವೆ. ಅಣ್ಣ ಕವಿಯಾದರೂ ತಮ್ಮನ ಬರವಣಿಗೆಯಲ್ಲಿ ಅಲಂಕಾರವೆಂಬುದಿಲ್ಲ. ದೊಡ್ಡ ಕದನ ಮುಗಿದ ಮೇಲೆ ಅವನು ಮೊದಲು ತಿಳಿಸುವುದು ತಾನು ಬದುಕಿದ್ದೇನೆ, ಕ್ಷೇಮವಾಗಿದ್ದೇನೆ ಎಂಬುದನ್ನು. ಆಮೇಲೆ ನಡೆದ ದಾರಿ, ತಿಂದ ಊಟ, ಮನೆಗೆ ಕಳುಹಿಸಿದ ಹಣದ ಲೆಕ್ಕ. ಆಂಟೀಟಮ್ ಕದನದಲ್ಲಿ ಅವನ ದಳ ಗುಂಡಿನ ಮಳೆಯ ನಡುವೆ ಸೇತುವೆಯನ್ನು ಹಿಡಿದದ್ದನ್ನೂ ಕಟ್ಟಡದ ಕೆಲಸ ವರದಿ ಮಾಡಿದಂತೆ ಬರೆಯುತ್ತಾನೆ. ತಾಯಿ ಲೂಯಿಸಾಳಿಗೆ ಶಾಲೆಯ ಓದು ಅಷ್ಟಕ್ಕಷ್ಟೆ. ಅವಳ ಕಾಗದಗಳಲ್ಲಿ ಪೂರ್ಣವಿರಾಮಗಳೇ ಇಲ್ಲವೆನ್ನಬಹುದು, ಕಾಗುಣಿತವೂ ಅವಳದೇ. ಹೊಳೆ ಹರಿದಂತೆ ಒಂದರ ಹಿಂದೆ ಒಂದು ಮಾತು ಬರುತ್ತದೆ. ವಿಟ್ಮನ್ನನು ಜೀವಮಾನದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ್ದು ಈ ತಾಯಿಯನ್ನು.

ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ತಿಳಿಸದಿದ್ದರೆ ಮುಂದಿನದು ಅರ್ಥವಾಗದು. ಸಿಪಾಯಿಗಳ ಕೊರಳಲ್ಲಿ ಗುರುತಿನ ಬಿಲ್ಲೆ ಇರಲಿಲ್ಲ. ಒಬ್ಬನು ಸತ್ತರೆ ಅಥವಾ ಗಾಯಗೊಂಡರೆ ಮನೆಯವರಿಗೆ ತಪ್ಪದೆ ತಿಳಿಸುವ ಏರ್ಪಾಡು ಸರ್ಕಾರದಲ್ಲಿ ಇರಲಿಲ್ಲ. ಪತ್ರಿಕೆಗಳಲ್ಲಿ ಬರುವ ಹೆಸರುಗಳ ಪಟ್ಟಿ, ಅಥವಾ ಜೊತೆಗಾರನೋ ದಾದಿಯೋ ಬರೆಯುವ ಕಾಗದ, ಇವೇ ಗತಿ. ಆ ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ಬಹುಕಾಲ 6,20,000 ಎಂದು ಎಣಿಸುತ್ತಿದ್ದರು. ಈಚಿನ ವಿದ್ವಾಂಸರು ಏಳೂವರೆ ಲಕ್ಷದವರೆಗೂ ಹೇಳುತ್ತಾರೆ. ಅವರಲ್ಲಿ ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ಅಷ್ಟು ಮನೆಗಳಲ್ಲಿ ಟಪಾಲಿನವನ ದಾರಿ ಕಾಯುತ್ತಿದ್ದವರು ಎಷ್ಟು ಜನರೋ!

1862ರ ಡಿಸೆಂಬರ್ 13ರಂದು ವರ್ಜೀನಿಯದ ಫ್ರೆಡರಿಕ್ಸ್‌ಬರ್ಗಿನಲ್ಲಿ ಉತ್ತರದ ಸೈನ್ಯ ದೊಡ್ಡ ಸೋಲನ್ನುಂಡಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 12,600 ಜನ. ಮೂರು ದಿನಗಳ ಮೇಲೆ ನ್ಯೂಯಾರ್ಕಿನ ಪತ್ರಿಕೆಯೊಂದರ ಪಟ್ಟಿಯಲ್ಲಿ ಜಿ. ಡಬ್ಲ್ಯು. ವಿಟ್ಮೋರ್ ಎಂಬ ಹೆಸರು ಬಂದಿತು. ತಪ್ಪಾಗಿ ಅಚ್ಚಾದ ಜಾರ್ಜನ ಹೆಸರೇ ಅದೆಂದು ಮನೆಯವರು ತಿಳಿದರು. ವಿಟ್ಮನ್ನನು ಆಗಿಂದಾಗಲೇ ಹೊರಟನು. ಫಿಲಡೆಲ್ಫಿಯದಲ್ಲಿ ಗಾಡಿ ಬದಲಿಸುವಾಗ ಜೇಬುಗಳ್ಳನು ಹಣವನ್ನೆಲ್ಲ ಹೊಡೆದನು. ಕಾಸಿಲ್ಲದೆ ವಾಷಿಂಗ್ಟನ್ನಿಗೆ ಬಂದು ಎರಡು ದಿನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದನು; ಜಾರ್ಜ್ ಎಲ್ಲಿಯೂ ಇರಲಿಲ್ಲ. ಓಕಾನರ್ ಎಂಬ ಸ್ನೇಹಿತನ ನೆರವಿನಿಂದ ರಣಭೂಮಿಯ ಆಚೆ ದಡದ ಫಾಲ್ಮೌತ್ ಶಿಬಿರಕ್ಕೆ ಹೋಗಿ ನೋಡುತ್ತಾನೆ: ತಮ್ಮನು ನೆಟ್ಟಗೆ ನಿಂತಿದ್ದಾನೆ! ಸಿಡಿಗುಂಡಿನ ಚೂರು ಕೆನ್ನೆಯನ್ನು ಸೀಳಿತ್ತು, ಅಷ್ಟೆ.

ವಿಚಿತ್ರವೆಂದರೆ, ಅಣ್ಣನು ಮನೆ ಬಿಟ್ಟ ದಿನವೇ, ಅಂದರೆ 16ರಂದೇ, ಜಾರ್ಜ್ ತಾಯಿಗೆ ಕಾಗದ ಬರೆದಿದ್ದನು. ತನಗೆ ಹೆಚ್ಚೇನೂ ಆಗಿಲ್ಲ, ದವಡೆಯ ಬಳಿ ತರಚಿದೆ ಎಂದಿದ್ದನು. ಒಂದೆರಡು ದಿನ ಕಾಯ್ದಿದ್ದರೆ ವಿಟ್ಮನ್ನನು ಮನೆಯಲ್ಲಿಯೇ ಅದನ್ನು ಓದಿಕೊಂಡು ನೆಮ್ಮದಿಯಾಗಿ ಇರುತ್ತಿದ್ದನು.

ಆದರೆ ಆತನು ಶಿಬಿರದಲ್ಲಿ ಕಂಡದ್ದು ತಮ್ಮನೊಬ್ಬನನ್ನಲ್ಲ. ಆಸ್ಪತ್ರೆಯಾಗಿ ಮಾಡಿದ್ದ ದೊಡ್ಡ ಮನೆಯ ಮುಂದೆ ಒಂದು ಮರದ ಬುಡದಲ್ಲಿ, ಕತ್ತರಿಸಿ ಎಸೆದ ಕೈಕಾಲುಗಳು ಗಾಡಿ ತುಂಬುವಷ್ಟು ಬಿದ್ದಿದ್ದವು. ಹತ್ತು ದಿನಗಳ ಹತ್ತಿರ ಅಲ್ಲಿದ್ದು, ಡಿಸೆಂಬರ್ ಕೊನೆಯಲ್ಲಿ ಗಾಯಾಳುಗಳ ತಂಡವೊಂದರೊಡನೆ ವಾಷಿಂಗ್ಟನ್ನಿಗೆ ಮರಳಿದನು. ದಾರಿಯಲ್ಲಿ ಮನೆಗೆ ಸುದ್ದಿ ಮುಟ್ಟಿಸುವಂತೆ ಕೆಲವರು ಅವನನ್ನು ಬೇಡಿಕೊಂಡರು. ಅದೇ ಮೊದಲು. ಕೆಲವು ದಿನಗಳಿಗೆಂದು ಬಂದವನು ವಾಷಿಂಗ್ಟನ್ನಿನಲ್ಲಿ ಹತ್ತು ವರ್ಷ ನಿಂತನು.

ಸೈನ್ಯದ ಸಂಬಳ ಬಟವಾಡೆ ಮಾಡುವ ಕಚೇರಿಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ನಕಲು ಬರೆಯುವ ಕೆಲಸ ಸಿಕ್ಕಿತು. ಆ ಕಚೇರಿ ಐದನೆಯ ಅಂತಸ್ತಿನಲ್ಲಿತ್ತು. ಕಾಲು ಕಳೆದುಕೊಂಡವರು, ಜ್ವರದವರು ಅಷ್ಟು ಮೆಟ್ಟಿಲು ಹತ್ತಿ ಬಂದು, ಯಾವುದೋ ಕಾಗದ ಸರಿಯಿಲ್ಲವೆಂದು ಬರಿಗೈಯಲ್ಲಿ ಇಳಿದು ಹೋಗುವುದನ್ನು ನೋಡಿ ಆತನು ಮರುಗಿ ಬರೆದಿದ್ದಾನೆ. (ಇದನ್ನು ಓದುವಾಗ ನನಗೆ ಬೇರೆ ಕೆಲವು ಮೆಟ್ಟಿಲುಗಳ ನೆನಪಾಯಿತು. ಊರಿನ ವಿಧವೆಯರಿಗೆ ಮಾಸಾಶನದ ಅರ್ಜಿ ಬರೆದುಕೊಟ್ಟು, ಜೊತೆಯಲ್ಲಿ ಹೋಗಿ ನಿಂತು ಬಂದ ಅನುಭವ ನನಗೂ ಉಂಟು.) ಉಳಿದ ಹೊತ್ತೆಲ್ಲ ಆಸ್ಪತ್ರೆಗಳದು. ಇಗರ್ಜಿಗಳು, ಶಾಲೆಗಳು ಆಸ್ಪತ್ರೆಗಳಾಗಿದ್ದವು. ಪೇಟೆಂಟ್ ಕಚೇರಿಯಲ್ಲಿ ಹೊಸ ಯಂತ್ರಗಳ ಮಾದರಿಗಳನ್ನು ತುಂಬಿಟ್ಟ ಗಾಜಿನ ಬೀರುಗಳ ಸಾಲಿನ ನಡುವೆಯೇ ರೋಗಿಗಳನ್ನು ಮಲಗಿಸಿದ್ದರು. ಹಡಗುಕಟ್ಟೆಗೆ ಸಮೀಪವಿದ್ದ ಆರ್ಮರಿ ಸ್ಕ್ವೇರ್ ಆಸ್ಪತ್ರೆಗೆ ಎಲ್ಲಕ್ಕಿಂತ ಕೆಟ್ಟ ಗಾಯಗಳವರು ಬರುತ್ತಿದ್ದರು. ವಿಟ್ಮನ್ನನು ಹೆಚ್ಚಾಗಿ ಹೋಗುತ್ತಿದ್ದುದೂ ಅಲ್ಲಿಗೇ.

ಆತನು ವೈದ್ಯನಲ್ಲ, ಸಂಬಳದ ಸೇವಕನೂ ಅಲ್ಲ. ಮಿಂದು ಶುಚಿಯಾಗಿ, ಹೊಟ್ಟೆತುಂಬ ಉಂಡು, ಒಳ್ಳೆಯ ಬಟ್ಟೆ ತೊಟ್ಟು ಹೋಗುತ್ತಿದ್ದನು. ರೋಗಿಯ ಬಳಿ ಹೋಗುವವನ ಮುಖ ಗೆಲುವಾಗಿರಬೇಕೆಂಬುದು ಅವನ ಮತ. ಆರಡಿಯ ಆಳು, ನರೆತ ಗಡ್ಡ, ಅಗಲವಾದ ಟೊಪ್ಪಿಗೆ, ಹೆಗಲಲ್ಲಿ ಚೀಲ. ಚೀಲದಲ್ಲಿ ಕಿತ್ತಳೆಹಣ್ಣು, ಬಿಸ್ಕತ್ತು, ಹಣ್ಣಿನ ಪಾಕ, ಹೊಗೆಸೊಪ್ಪು, ಚಿಲ್ಲರೆ ಕಾಸು, ಬರೆಯುವ ಹಾಳೆ, ಅಂಚೆಚೀಟಿ ಹಚ್ಚಿದ ಲಕೋಟೆಗಳು. ಒಂದು ಚೀಟಿಗೆ ಮೂರು ಸೆಂಟು. ಸಿಪಾಯಿಯ ತಿಂಗಳ ಸಂಬಳ 13 ಡಾಲರ್; ಅದೂ ತಿಂಗಳುಗಟ್ಟಲೆ ಬರುತ್ತಿರಲಿಲ್ಲವಾದ್ದರಿಂದ ಮೂರು ಸೆಂಟಿಗೂ ಗತಿಯಿಲ್ಲದವರು ಬಹಳ ಮಂದಿ. ಈ ಸಾಮಾನುಗಳಿಗೆ ಬಾಸ್ಟನ್, ಬ್ರೂಕ್ಲಿನ್ನಿನ ಸ್ನೇಹಿತರಿಂದ ಹಣ ಬೇಡಿ ತರಿಸುತ್ತಿದ್ದನು. ಕೈಯಲ್ಲೊಂದು ಸಣ್ಣ ಪುಸ್ತಕ. ಇಷ್ಟನೆಯ ಹಾಸಿಗೆಯವನಿಗೆ ಗಂಟಲು ನೋವು, ಕೆಮ್ಮಿನ ಮಿಠಾಯಿ ಬೇಕು. ಮತ್ತೊಬ್ಬನಿಗೆ ಮನೆಯಲ್ಲಿ ಮಾಡಿದ ಅಕ್ಕಿಯ ಪಾಯಸದಂತಹ ತಿಂಡಿ ಬೇಕು. ಇನ್ನೊಬ್ಬನ ತಂದೆಗೆ ಕಾಗದ ಬರೆಯಬೇಕು, ವಿಳಾಸ ಇಂಥದು. ಅಂಗಡಿಯವನ ಕಡದ ಪುಸ್ತಕದಂತೆ ಅದು ತುಂಬುತ್ತಿತ್ತು. ಸೆಕೆಯ ದಿನ ಒಂದು ಆಸ್ಪತ್ರೆಯ ಕೊಠಡಿಗಳಿಗೆಲ್ಲ ಐಸ್ ಕ್ರೀಂ ಹಂಚಿಸಿದ್ದೂ ಉಂಟು.

ಕಾಗದದ ಮಾತಿಗೆ ಬರುತ್ತೇನೆ. ಹುಡುಗರು ಮನೆಗೆ ಏಕೆ ಬರೆಯುವುದಿಲ್ಲವೆಂಬುದನ್ನು ವಿಟ್ಮನ್ನನು ಕಂಡುಕೊಂಡನು. ಕೆಲವರಿಗೆ ಬರೆಯಲು ಸರಿಯಾಗಿ ಬಾರದು. ಕೆಲವರಿಗೆ ಹಾಳೆ ಲಕೋಟೆ ಸಿಗದು. ಆದರೆ ಬಹಳ ಜನ ಬರೆಯಲು ಹಿಂಜರಿಯುತ್ತಿದ್ದುದು, ಇದ್ದದ್ದನ್ನು ಬರೆದರೆ ಮನೆಯವರು ಎದೆಯೊಡೆದುಕೊಳ್ಳುತ್ತಾರೆಂಬ ಭಯದಿಂದ. ಕಾಲು ಹೋಯಿತೆಂದು ತಾಯಿಗೆ ಹೇಗೆ ಬರೆಯುವುದು? ಬರೆಯದೆ ಸುಮ್ಮನಿದ್ದರೆ ಸತ್ತನೆಂದೇ ತಾಯಿ ತಿಳಿದಾಳು. ಈ ಇಕ್ಕಟ್ಟಿನಲ್ಲಿ ಸಿಕ್ಕಿದವನ ಮಂಚದ ಬಳಿ ವಿಟ್ಮನ್ನನು ಕುಳಿತು, ಅವನಿಂದಲೇ ಬರೆಯಿಸಲು ನೋಡುತ್ತಿದ್ದನು. ಆಗದಿದ್ದರೆ ತಾನು ಬರೆಯುತ್ತಿದ್ದನು. ತಂದೆತಾಯಿಗಳಿಗೆ, ಹೆಂಡತಿಗೆ, ನಲ್ಲೆಗೆ ಕೂಡ. ತನ್ನ ಕವಿತೆಯ ತುಂಬ ನಾನು ನಾನು ಎಂದು ಹಾಡಿಕೊಂಡವನು ಇಲ್ಲಿ ಪರರ ನಾನು ಆಗಿ ಬರೆದನು. ಇದನ್ನು ಯೋಚಿಸಿದಾಗ ಅವನ ಆ ದೊಡ್ಡ ಕವಿತೆಯೂ ನನಗೆ ತುಸು ತಿಳಿದಂತಾಯಿತು.

ಮ್ಯಾಸಚೂಸೆಟ್ಸಿನ ಒಬ್ಬ ಹುಡುಗನ ವಿಷಯವನ್ನು ಆತನೇ 1863ರಲ್ಲಿ ಪತ್ರಿಕೆಗೆ ಬರೆದಿದ್ದಾನೆ. ಭೇದಿಯಿಂದ ಬಳಲಿ, ತೆರೆದ ಬಂಡಿಗಳಲ್ಲಿ ಚಳಿಗೆ ಮೈಯೊಡ್ಡಿ ಬಂದವನು. ಬದುಕುವ ಆಸೆ ಬಿಟ್ಟು ಗೋಡೆಯ ಕಡೆ ನೋಡುತ್ತ ಮಲಗಿದ್ದನು. ವಿಟ್ಮನ್ನನು ಹತ್ತಿರ ಕುಳಿತು ಅವನ ಮನೆಗೆ ಕಾಗದ ಬರೆದನು. ಆಸ್ಪತ್ರೆಗೆ ಹಾಲು ಮಾರಲು ಬರುವ ಹೆಂಗಸಿನಿಂದ ಒಂದಿಷ್ಟು ಹಾಲು ಕೊಳ್ಳಬೇಕೆಂದು ಆಸೆ ಎಂದು ಹುಡುಗನು ತಿಳಿಸಿದನು. ವಿಟ್ಮನ್ನನು ಕೈಗೆ ಕೆಲವು ಕಾಸು ಹಾಕಿದನು. ಹುಡುಗನು ಅತ್ತುಬಿಟ್ಟನು. ಮುಂದೆ ಅವನು ಗುಣವಾದನು, ತನ್ನ ಜೀವ ಉಳಿದದ್ದು ಆ ದಿನದಿಂದ ಎಂದು ಹೇಳಿಕೊಂಡನು.

ಎಲ್ಲರೂ ಗುಣವಾಗಲಿಲ್ಲ. ಎರಾಸ್ಟಸ್ ಹ್ಯಾಸ್ಕೆಲ್ ಎಂಬ ಹತ್ತೊಂಬತ್ತರ ಹುಡುಗನು ನ್ಯೂಯಾರ್ಕಿನ ದಳವೊಂದರಲ್ಲಿ ಕೊಳಲು ನುಡಿಸುವವನು. ವಿಷಮಶೀತಜ್ವರದಿಂದ 1863ರ ಆಗಸ್ಟ್ 2ರಂದು ತೀರಿಕೊಂಡನು. ಎಂಟು ದಿನಗಳ ಮೇಲೆ ವಿಟ್ಮನ್ನನು ಅವನ ತಂದೆತಾಯಿಗಳಿಗೆ ಬರೆದ ಕಾಗದ ಉಳಿದಿದೆ. ಅದರಲ್ಲಿ ದೇಶಭಕ್ತಿಯ ಭಾಷಣವಿಲ್ಲ. ಹುಡುಗನು ಹೆಚ್ಚು ಮಾತನಾಡುತ್ತಿರಲಿಲ್ಲ, ಯಾರನ್ನೂ ದೂರಲಿಲ್ಲ. ಹಾಸಿಗೆಯ ಬಳಿಯ ಸಣ್ಣ ಮೇಜಿನ ಮೇಲೆ ಅವನ ಕೊಳಲು ಇರುತ್ತಿತ್ತು. ಗುಣವಾದರೆ ಒಂದು ರಾಗ ನುಡಿಸಿ ಕೇಳಿಸುತ್ತೇನೆ, ಆದರೆ ತನಗೆ ಇನ್ನೂ ಚೆನ್ನಾಗಿ ಬಾರದು ಎಂದಿದ್ದನು. ಇಂತಹ ಸಂಗತಿಗಳೇ ಆ ಕಾಗದದಲ್ಲಿವೆ. ಸತ್ತ ಮಗನ ಕೊನೆಯ ದಿನಗಳನ್ನು ಕಾಣದ ತಾಯಿಗೆ ಆ ಕೊಳಲು, ಆ ಸಣ್ಣ ಮೇಜು ಎಂತಹ ಆಸ್ತಿ! ನಮ್ಮ ಅಜ್ಜಿಯ ಕೊನೆಯ ಕಾಗದದಲ್ಲಿಯೂ ಅಣ್ಣನು ಗಂಜಿಗೆ ಉಪ್ಪಿನಕಾಯಿ ಕೇಳಿದನೆಂಬ ಮಾತಿದೆ. ಅಜ್ಜಿ ಅಲ್ಲಿಗೆ ಬಂದಾಗ ಪ್ರತಿಸಲವೂ ನಗುತ್ತಾಳೆ.

ಇನ್ನೊಂದು ಕಾಗದ ಇದಕ್ಕಿಂತ ಕಠಿಣವಾದುದು. ಪೆನ್ಸಿಲ್ವೇನಿಯದ ಫ್ರಾಂಕ್ ಇರ್ವಿನ್ ಎಂಬವನಿಗೆ ಯುದ್ಧ ಮುಗಿಯಲು ಎರಡು ವಾರವಿದ್ದಾಗ, 1865ರ ಮಾರ್ಚ್ 25ರಂದು, ಮೊಣಕಾಲಿಗೆ ಗುಂಡು ತಗಲಿತು. ಕಾಲು ತೆಗೆದರು, ರಕ್ತ ನಂಜಾಗಿ ಮೇ 1ರಂದು ಸತ್ತನು. ಅವನ ತಾಯಿಗೆ ವಿಟ್ಮನ್ನನು ಎಲ್ಲವನ್ನೂ ಬರೆದನು: ಯಾವ ದಿನ ಕತ್ತರಿಸಿದರು, ಕೀವು ರಕ್ತಕ್ಕೆ ಸೇರಿ ಹೇಗೆ ಕೆಟ್ಟಿತು, ಕಡೆಯ ವಾರಗಳಲ್ಲಿ ಮತಿ ಕದಡಿ ಹೇಗೆ ಕನವರಿಸುತ್ತಿದ್ದನು, ಮಾಡದ ತಪ್ಪನ್ನು ಯಾರೋ ತನ್ನ ಮೇಲೆ ಹೊರಿಸಿದಂತೆ ಕೆಲವು ವೇಳೆ ನೊಂದು ಮಾತನಾಡುತ್ತಿದ್ದನು. ಇವನ್ನು ಮುಚ್ಚಲಿಲ್ಲ. ಅದರ ಜೊತೆಗೇ, ಆ ಕನವರಿಕೆಯಲ್ಲಿಯೂ ಒಂದು ಕೆಟ್ಟ ಮಾತು ಬರಲಿಲ್ಲವೆಂಬುದನ್ನೂ, ತಾನು ಬಳಿ ಕುಳಿತಾಗ ಕೈಚಾಚಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿರುತ್ತಿದ್ದನೆಂಬುದನ್ನೂ ಬರೆದನು. ನಾನಾಗಿದ್ದರೆ ಕನವರಿಕೆಯ ಮಾತನ್ನು ಖಂಡಿತವಾಗಿ ಬಿಟ್ಟುಬಿಡುತ್ತಿದ್ದೆ.

ಆತನನ್ನು ದೇವರಂತೆ ಚಿತ್ರಿಸುವ ಇಚ್ಛೆ ನನಗಿಲ್ಲ. ಕರಿಯ ಸಿಪಾಯಿಗಳಿದ್ದ ಕಡೆಗೂ ಹೋಗಿ ಕೈಲಾದದ್ದು ಮಾಡಿದೆನೆಂದು ಆತನು ಬರೆದಿದ್ದಾನೆ. ಆದರೆ ಅವನ ಹೊತ್ತು, ಪ್ರೀತಿಗಳಲ್ಲಿ ಬಹುಪಾಲು ಬಿಳಿಯ ಹುಡುಗರಿಗೇ ಸಂದಿತು. ಯುದ್ಧದ ಅನಂತರ ಕರಿಯರಿಗೆ ಸಮಾನ ಮತಾಧಿಕಾರ ಬೇಕೆಂಬ ಮಾತು ಬಂದಾಗ ಅವನು ಒಪ್ಪಲಿಲ್ಲ. ತಮ್ಮನನ್ನು ಹುಡುಕಲು ನೆರವಾಗಿದ್ದ ಓಕಾನರ್‌ನೊಡನೆ ಈ ವಿಚಾರದಲ್ಲಿಯೇ 1872ರಲ್ಲಿ ಜಗಳವಾಗಿ ಸ್ನೇಹ ಬಹುಕಾಲ ಮುರಿದು ಬಿದ್ದಿತು. ಯಾರ ಬಿಡುಗಡೆಗಾಗಿ ಅಷ್ಟು ರಕ್ತ ಹರಿಯಿತೋ ಅವರ ವಿಷಯದಲ್ಲಿ ಈ ವಿಶಾಲಹೃದಯದ ಕವಿ ಕಿರಿದಾದನು. ಓದಿ ನನಗೆ ಬೇಸರವಾಯಿತು.

ತಾನು ಹೋಗಿ ಬಂದದ್ದು 600ಕ್ಕೂ ಹೆಚ್ಚು ಸಲ, ಕಂಡ ರೋಗಿಗಳು 80,000ದಿಂದ ಒಂದು ಲಕ್ಷ ಎಂದು ವಿಟ್ಮನ್ನನು ಲೆಕ್ಕ ಹೇಳಿದ್ದಾನೆ. ಈ ಎರಡನೆಯ ಸಂಖ್ಯೆ ಕವಿಯ ಲೆಕ್ಕವೇ ಇರಬೇಕು. ಅದು ಹೇಗೂ ಇರಲಿ, ಮೈ ಮಾತ್ರ ಸೋತಿತು. 1864ರ ಬೇಸಗೆಯಲ್ಲಿ ತಲೆಸುತ್ತು, ಗಂಟಲು ನೋವು ಹತ್ತಿ ತಾಯಿಯ ಮನೆ ಸೇರಿದನು. ಮನೆಯೂ ಸುಖದ ಮನೆಯಲ್ಲ. ತಮ್ಮ ಆಂಡ್ರೂ ಹಿಂದಿನ ವರ್ಷವೇ ತೀರಿಕೊಂಡಿದ್ದನು, ಹಿರಿಯಣ್ಣನಿಗೆ ಮತಿಭ್ರಮಣೆ, ಕಡೆಯ ತಮ್ಮನು ಹುಟ್ಟಿನಿಂದ ಅಸಹಾಯಕ. ಆ ಸೆಪ್ಟೆಂಬರ್ 30ರಂದು ಜಾರ್ಜ್ ವೈರಿಗಳ ಕೈಗೆ ಸೆರೆಸಿಕ್ಕಿದನು. ಕಾಗದಗಳು ನಿಂತವು. ಡಿಸೆಂಬರ್ 26ರಂದು ಅವನ ಪೆಟ್ಟಿಗೆ ಮಾತ್ರ ಮನೆಗೆ ಬಂದಿತು. ನೂರಾರು ಮನೆಗಳಿಗೆ ಸುದ್ದಿ ಬರೆದವನ ಮನೆಗೆ ಸುದ್ದಿಯಿಲ್ಲದ ಒಂದು ಪೆಟ್ಟಿಗೆ! ಅದನ್ನು ತೆರೆಯುವ ಮನಸ್ಸು ಯಾರಿಗೂ ಬರಲಿಲ್ಲ. ಸಂಜೆಗೆ ತಾಯಿ ತೆಗೆದು ನೋಡಿದಳು: ಸೈನ್ಯದ ಅಂಗಿ, ಸೊಂಟಪಟ್ಟಿ, ಸಣ್ಣದೊಂದು ದಿನಚರಿ, ಜೊತೆಗಾರರ ಭಾವಚಿತ್ರಗಳು. ಚಿತ್ರದಲ್ಲಿದ್ದವರಲ್ಲಿ ಹಲವರು ಆಗಲೇ ಸತ್ತಿದ್ದರು. ಸೆರೆಯಾಳುಗಳನ್ನು ಬಿಡಿಸಿಕೊಳ್ಳಬೇಕೆಂದು ವಿಟ್ಮನ್ನನು ಪತ್ರಿಕೆಯಲ್ಲಿ ಸರ್ಕಾರದ ಮೇಲೆ ಕಟುವಾಗಿ ಬರೆದನು. 1865ರ ಫೆಬ್ರುವರಿಯಲ್ಲಿ ಜಾರ್ಜ್ ಬಿಡುಗಡೆಯಾಗಿ ಮೂಳೆಚಕ್ಕಳವಾಗಿ ಮನೆಗೆ ಬಂದನು. ಏಪ್ರಿಲ್‌ನಲ್ಲಿ ಯುದ್ಧ ಮುಗಿದು, ಅದೇ ತಿಂಗಳು ಲಿಂಕನ್ನನ ಕೊಲೆಯಾದಾಗ ವಿಟ್ಮನ್ನನು ತಾಯಿಯ ಬಳಿಯೇ ಇದ್ದನು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1865ರಲ್ಲಿ ಅವನ ಕವಿತೆಗಳು ಅಸಭ್ಯವೆಂದು ಮಂತ್ರಿಯೊಬ್ಬನು ಸರ್ಕಾರಿ ಗುಮಾಸ್ತೆಯ ಕೆಲಸದಿಂದ ತೆಗೆದನು. ಸ್ನೇಹಿತರು ಬೇರೆ ಇಲಾಖೆಯಲ್ಲಿ ಸೇರಿಸಿದರು. 1873ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಮೇ ತಿಂಗಳಲ್ಲಿ ತಾಯಿ ಹೋದಳು. ನ್ಯೂಜೆರ್ಸಿಯ ಕ್ಯಾಮ್ಡನ್ನಿನಲ್ಲಿದ್ದ ಜಾರ್ಜನ ಮನೆಯಲ್ಲಿಯೇ ಹನ್ನೊಂದು ವರ್ಷ ಕಳೆದನು. ಗಾಯಗೊಂಡನೆಂದು ಹುಡುಕಿ ಹೋದ ತಮ್ಮನೇ ಅಣ್ಣನನ್ನು ನೋಡಿಕೊಂಡನು. ಆಸ್ಪತ್ರೆಯ ಸೇವೆಗಾಗಿ ತಿಂಗಳಿಗೆ 25 ಡಾಲರ್ ಮಾಸಾಶನ ಕೊಡಬೇಕೆಂದು 1887ರಲ್ಲಿ ಶಾಸನಸಭೆಗೆ ಸೂಚನೆ ಹೋಯಿತು. ಅದು ಮಂಜೂರಾಗಲಿಲ್ಲ, ಅವನಿಗೂ ಬೇಕಿರಲಿಲ್ಲ. 1892ರ ಮಾರ್ಚ್ 26ರಂದು ತೀರಿಕೊಂಡನು.

ಆತನು ಸಿಪಾಯಿಗಳ ಬಾಯಿಯಿಂದ ಬರೆದ ಕಾಗದಗಳು ಇಂದು ಬೆರಳೆಣಿಕೆಯಷ್ಟೇ ಸಿಕ್ಕಿವೆ. ಉಳಿದವು ಹಳ್ಳಿಹಳ್ಳಿಗಳ ಮನೆಗಳಿಗೆ ಹೋಗಿ ಅಲ್ಲಿಯೇ ಮಣ್ಣಾದವು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ಜೋಡಿಸುತ್ತಿದ್ದ ಸ್ವಯಂಸೇವಕಿಯೊಬ್ಬರಿಗೆ ಒಂದು ಸಿಕ್ಕಿತು. 1866ರ ಜನವರಿ 21ರ ಕಾಗದ. ರಾಬರ್ಟ್ ಜಬೋ ಎಂಬ ಕ್ಷಯರೋಗಿ ಸಿಪಾಯಿ ಹೆಂಡತಿಗೆ ಬರೆಯಿಸಿದ್ದು. ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮೆ ಕೇಳಿ, ಎದೆಯ ರೋಗವೆಂದು ತಿಳಿಸಿ, ಈಗ ಎಷ್ಟೋ ವಾಸಿ ಎಂದು ಸಮಾಧಾನ ಹೇಳಿದ್ದಾನೆ. ಅದೇ ವರ್ಷದ ಕಡೆಯಲ್ಲಿ ಸತ್ತನು. ಕೆಳಗೆ, ಇದನ್ನು ಬರೆದವನು ಒಬ್ಬ ಸ್ನೇಹಿತನೆಂದು ಸೂಚಿಸಿ ವಿಟ್ಮನ್ನನು ತನ್ನ ಹೆಸರನ್ನು ಹಾಕಿದ್ದಾನೆ. ಆ ಕಾಗದ ಉಳಿದದ್ದು ಅದು ಕವಿಯ ಬರಹವೆಂಬ ಕಾರಣದಿಂದಲ್ಲ; ವಿಧವೆಯ ಮಾಸಾಶನದ ಕಡತದಲ್ಲಿ ಇತರ ಕಾಗದಗಳ ನಡುವೆ ಸೇರಿಕೊಂಡಿದ್ದರಿಂದ.

ಈಗ ನಾನು ಓದದ ಸಾಲು. ಅಜ್ಜಿಯ ಅಣ್ಣನು ಕಡೆಯ ಎರಡು ದಿನ ಊರಿನಿಂದ ಕಾಗದ ಬಂದಿತೇ ಎಂದು ಬಾರಿಬಾರಿಗೂ ಕೇಳುತ್ತಿದ್ದನು, ಬಂದಿರಲಿಲ್ಲ, ಎಂದು ಅದರಲ್ಲಿದೆ. ಆಗಿನ ದಿನಗಳಲ್ಲಿ ಊರಿನಲ್ಲಿ ಕಾಗದ ಬರೆದುಕೊಡುತ್ತಿದ್ದವರ ಮನೆಗೆ ಕಾರ್ಡು ಹಿಡಿದು ಹೋಗುತ್ತಿದ್ದವಳು ನಮ್ಮ ಅಜ್ಜಿಯೇ. ಹೋದ ದಾರಿಯಲ್ಲಿ ಆಟಕ್ಕೆ ನಿಂತು ಬೈಗುಳ ತಿಂದದ್ದನ್ನು ಅವಳೇ ನಗುತ್ತ ಹೇಳುವುದುಂಟು. ಏಳನೆಯ ತರಗತಿಯಲ್ಲಿದ್ದಾಗ ಆ ಸಾಲಿನ ಅರ್ಥ ನನಗೆ ಹೊಳೆಯಿತು, ಅಂದಿನಿಂದ ದಾಟಿಸುತ್ತಿದ್ದೇನೆ. ಅದಕ್ಕೂ ಮುಂಚೆ ಓದಿದ್ದೆನೋ, ಗಂಟಲಲ್ಲಿಯೇ ನುಂಗಿದ್ದೆನೋ ನೆನಪಿಲ್ಲ. ವಿಟ್ಮನ್ನನ ಕಾಗದಗಳನ್ನು ಓದಿದ ಮೇಲೆ ನನಗೆ ಬೇರೊಂದು ಯೋಚನೆ ಬಂದಿದೆ. ಕಾಗದದ ಉಳಿದ ಪ್ರತಿಯೊಂದು ಮಾತನ್ನೂ ಅಜ್ಜಿ ಬಾಯಿಪಾಠ ಹೇಳುತ್ತಾಳೆ, ನಾನು ಹುಟ್ಟುವ ಮೊದಲಿನಿಂದಲೂ ಬಲ್ಲಳು. ಆ ಒಂದು ಮಾತನ್ನು ಎಂದೂ ಹೇಳಿಲ್ಲ. ಹಾಗಾದರೆ ನನಗಿಂತ ಮೊದಲು ಅವಳಿಗೆ, ಅವಳ ತಾಯಿಗೆ ಓದಿದವರೂ ಅಲ್ಲಿ ದಾಟಿರಬೇಕು. ಇಲ್ಲವೇ ಅವಳು ಎಂದೋ ಕೇಳಿದ್ದು, ತಾನೇ ದಾಟುತ್ತಿರಬೇಕು.

ಈ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಮತ್ತೆ ಪೆಟ್ಟಿಗೆ ತೆಗೆಯಿಸಿದಳು. ಹತ್ತು ಕಾಗದ ಓದಿದೆ. ಹನ್ನೊಂದನೆಯದನ್ನು ಕೈಗೆ ತೆಗೆದುಕೊಂಡಾಗ ದೀಪ ಹಚ್ಚುವ ಹೊತ್ತಾಯಿತೆಂದು ಅವಳು ಎದ್ದಳು.